ಕಂಠಪಾಠಕ್ಕೆ ಬ್ಯಾಂಡ್ ಇಲ್ಲ

ನಿಮ್ಮ ಊರಿನ ಬಗ್ಗೆ ಸ್ವಲ್ಪ ಹೇಳಿ ಎಂದು ಐಇಎಲ್‌ಟಿಎಸ್ ಪರೀಕ್ಷಕರು ಕೇಳಿದರೆ ತಿಪಟೂರಿನ ಹುಡುಗ, ಕಲಬುರಗಿಯ ಹುಡುಗಿ, ಕುಂದಾಪುರದ ನರ್ಸ್ ಮೂವರೂ ಕೊಡುವುದು ಒಂದೇ ಉತ್ತರ. ಅವರವರ ಊರು ‘ವೈಬ್ರೆಂಟ್’ ಆಗಿರುತ್ತದೆ, ‘ಬಸ್ಲಿಂಗ್’ ಆಗಿರುತ್ತದೆ, ಪರಂಪರೆ ಮತ್ತು ಆಧುನಿಕತೆಯ ‘ಪರ್ಫೆಕ್ಟ್ ಬ್ಲೆಂಡ್’ ಆಗಿರುತ್ತದೆ. ತಿಪಟೂರಿನ ಕೊಬ್ಬರಿ ಹರಾಜಾಗಲಿ, ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಬೀದಿ ಬಿಕೋ ಎನ್ನುವುದಾಗಲಿ, ಕುಂದಾಪುರದ ಮೀನಿನ ಬುಟ್ಟಿಯಾಗಲಿ ಆ ಉತ್ತರದೊಳಗೆ ಬರುವುದೇ ಇಲ್ಲ. ಮೂವರೂ ಒಂದೇ ಪಿಡಿಎಫ್ ಓದಿಕೊಂಡು ಬಂದಿರುತ್ತಾರೆ. ಎದುರಿಗೆ ಕೂತ ಪರೀಕ್ಷಕರಿಗೆ ಆ ಪಿಡಿಎಫ್ ಅಷ್ಟರಲ್ಲಿ ಅವರಿಗಿಂತ ಚೆನ್ನಾಗಿ ಬಾಯಿಪಾಠವಾಗಿರುತ್ತದೆ.

ಕೆನಡಾಕ್ಕೆ ವಲಸೆ ಹೋಗುವ ಸಾಫ್ಟ್‌ವೇರ್‌ನವರು, ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಮಾಡುವ ಮಕ್ಕಳು, ಅಲ್ಲಿನ ಆಸ್ಪತ್ರೆಗಳಲ್ಲಿ ಕೆಲಸ ಹುಡುಕುವ ನರ್ಸುಗಳು, ಬಹುತೇಕರು ದಾಟುವ ಬಾಗಿಲು ಈ ಇಂಗ್ಲಿಷ್ ಪರೀಕ್ಷೆ. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಳ್ಳೆಯ ಅಂಕ ಗಿಟ್ಟಬೇಕಾದರೆ ಮಾತಿನಲ್ಲಿ ಬ್ಯಾಂಡ್ (ಅಂದರೆ ಅಂಕದ ಮಟ್ಟ) 7 ಬೇಕು. ಬ್ರಿಟನ್ನಿನ ನರ್ಸಿಂಗ್ ಮತ್ತು ಮಿಡ್‌ವೈಫರಿ ಕೌನ್ಸಿಲ್ ಕೇಳುವುದೂ ಏಳನ್ನೇ. 2018ರ ಕೊನೆಯಲ್ಲಿ ಆ ಕೌನ್ಸಿಲ್ ಬರವಣಿಗೆಯ ಮಟ್ಟವನ್ನು ಆರೂವರೆಗೆ ಇಳಿಸಿತು, ಆದರೆ ಮಾತಿನದನ್ನು ಕದಲಿಸಲಿಲ್ಲ. ಚೀಟಿಯನ್ನು ತುಸು ತಪ್ಪಾಗಿ ಬರೆಯುವ ನರ್ಸನ್ನು ಸಹಿಸಬಹುದು, ರೋಗಿಗೆ ಅರ್ಥವಾಗದ ಹಾಗೆ ಮಾತಾಡುವವಳನ್ನು ಸಹಿಸಲಾಗದು ಎಂಬ ಲೆಕ್ಕ ಅದರ ಹಿಂದೆ ಇದ್ದಿರಬೇಕು. ಪರೀಕ್ಷಾ ಶುಲ್ಕ ₹15,000ಕ್ಕೂ ಮೇಲೆ. ಇಷ್ಟು ಹಣ, ಇಷ್ಟು ಆಸೆ ಒಂದು ಮಾತುಕತೆಯ ಮೇಲೆ ನಿಂತಿರುವಾಗ ಜನ ಕಂಠಪಾಠಕ್ಕೆ ಮೊರೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಶಾಲೆಗಳಲ್ಲಿ ಹೆದರಿಕೆಗೆ ಕೊಟ್ಟ ಮದ್ದೇ ಅದು. ತೊಂದರೆಯೆಂದರೆ ಈ ಪರೀಕ್ಷೆ ನೋಡಲು ಕೂತಿರುವುದು ಮಾತು ಬಾಯಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು. ಹುಟ್ಟಿ ಬೆಳೆದು ಕಟ್ಟಿಟ್ಟ ಮಾತನ್ನು ಅದರ ಮುಂದೆ ಇಟ್ಟರೆ ಅಳೆಯುವುದಕ್ಕೇ ಏನೂ ಉಳಿಯುವುದಿಲ್ಲ.

ಒಟ್ಟು ಅವಧಿ 11ರಿಂದ 14 ನಿಮಿಷ. ಒಬ್ಬ ಪರೀಕ್ಷಕ, ಒಬ್ಬ ಅಭ್ಯರ್ಥಿ, ಮೇಜಿನ ಮೇಲೊಂದು ರೆಕಾರ್ಡರ್. ಕೆಲವು ಕೇಂದ್ರಗಳಲ್ಲಿ ಪರೀಕ್ಷಕರು ವಿಡಿಯೊ ಕರೆಯಲ್ಲಿ ಬರುತ್ತಾರೆ, ಪ್ರಶ್ನೆಗಳ ಕ್ರಮ ಬದಲಾಗುವುದಿಲ್ಲ. ಮೊದಲ ನಾಲ್ಕೈದು ನಿಮಿಷ ಮನೆ, ಓದು, ಕೆಲಸ, ಹವ್ಯಾಸಗಳ ಬಗ್ಗೆ ಸಣ್ಣ ಪ್ರಶ್ನೆಗಳು. ಆಮೇಲೆ ಒಂದು ಕಾರ್ಡು, ಒಂದು ಪೆನ್ಸಿಲ್, ಒಂದು ಹಾಳೆ: ಒಂದು ನಿಮಿಷ ಯೋಚಿಸಿ ಒಂದರಿಂದ ಎರಡು ನಿಮಿಷ ಒಬ್ಬರೇ ಮಾತಾಡಬೇಕು. ಕೊನೆಯ ನಾಲ್ಕೈದು ನಿಮಿಷ ಅದೇ ವಿಷಯದ ಸುತ್ತ ಚರ್ಚೆ. ಅಂಕ ಬೀಳುವುದು ನಾಲ್ಕು ಬಾಬುಗಳಲ್ಲಿ: ಮಾತಿನ ಓಟ ಮತ್ತು ಹೊಂದಾಣಿಕೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ನಾಲ್ಕಕ್ಕೂ ಸಮಾನ ತೂಕ. ಎರಡರಲ್ಲಿ ಏಳು, ಎರಡರಲ್ಲಿ ಆರು ಬಂದರೆ ಮಾತಿನ ಬ್ಯಾಂಡ್ ಆರೂವರೆ. ಅಭಿಪ್ರಾಯ ಸರಿಯೋ ತಪ್ಪೋ, ಸಾಮಾನ್ಯ ಜ್ಞಾನ ಎಷ್ಟಿದೆ, ಉಡುಪು ಹೇಗಿದೆ, ಇವು ಯಾವುದಕ್ಕೂ ಅಲ್ಲಿ ಅಂಕವಿಲ್ಲ. ಮಾತುಮಾತಿಗೆ ಸರ್, ಮೇಡಂ ಎನ್ನುವ ನಮ್ಮ ರೂಢಿಯಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಸಾರ್ವಜನಿಕವಾಗಿ ಪ್ರಕಟವಾಗಿರುವ ಬ್ಯಾಂಡ್ ವಿವರಣೆಗಳನ್ನು ಕೋಚಿಂಗ್‌ಗೆ ಸೇರುವ ಮುಂಚೆ ಎಲ್ಲರೂ ಒಮ್ಮೆ ಓದಬೇಕು. ಅದರಲ್ಲಿ ನನಗೆ ತುಂಬ ಹಿಡಿಸಿದ್ದು ತಡವರಿಕೆಯ ಬಗ್ಗೆ ಇರುವ ಸೂಕ್ಷ್ಮ. ಒಂಬತ್ತನೇ ಬ್ಯಾಂಡಿನವರೂ ತಡವರಿಸುತ್ತಾರೆ ಎಂದು ಅದು ಒಪ್ಪುತ್ತದೆ. ಆದರೆ ಅವರು ನಿಲ್ಲುವುದು ಮುಂದೆ ಏನು ಹೇಳಲಿ ಎಂದು ಯೋಚಿಸುವುದಕ್ಕೆ, ಪದ ಸಿಗದೆ ಅಥವಾ ವ್ಯಾಕರಣ ಹೊಳೆಯದೆ ಅಲ್ಲ. ಐದನೇ ಬ್ಯಾಂಡಿನವರು ಹೇಳಿದ್ದನ್ನೇ ಹೇಳುತ್ತ, ತಮ್ಮನ್ನು ತಾವೇ ತಿದ್ದಿಕೊಳ್ಳುತ್ತ, ನಿಧಾನವಾಗಿ ಹೇಗೋ ಮಾತು ಮುಂದಕ್ಕೆ ತಳ್ಳುತ್ತಾರೆ. ಅಂದರೆ ಮೌನವೆಲ್ಲ ಒಂದೇ ಅಲ್ಲ. ‘ನಿಮ್ಮ ಅಜ್ಜಿಯ ಕಾಲಕ್ಕೂ ಈಗಿನ ಕಾಲಕ್ಕೂ ಮದುವೆಗಳಲ್ಲಿ ಏನು ವ್ಯತ್ಯಾಸ?’ ಎಂದು ಕೇಳಿದಾಗ ಎರಡು ಕ್ಷಣ ಮೇಲೆ ನೋಡಿ ಯೋಚಿಸಿದರೆ ಅದು ಮನುಷ್ಯರು ಮಾಡುವ ಸಹಜ ಕೆಲಸ. ‘ಸೀರೆ ಉಡುತ್ತಿದ್ದರು’ ಎಂಬುದಕ್ಕೆ ಕ್ರಿಯಾಪದ ಸಿಗದೆ ನಾಲ್ಕು ಸಲ ವಾಕ್ಯ ಮುರಿದರೆ ಅದು ಬೇರೆ. ಪಳಗಿದ ಕಿವಿಗೆ ಈ ಎರಡರ ನಡುವಿನ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಕಂಠಪಾಠದವರಲ್ಲಿ ಮೂರನೆಯದೊಂದು ಲಕ್ಷಣ ಇರುತ್ತದೆ: ಯೋಚಿಸಬೇಕಾದ ಕಡೆ ಅವರು ಯೋಚಿಸುವುದೇ ಇಲ್ಲ. ಕಷ್ಟದ ಪ್ರಶ್ನೆಗೆ ಸರಾಗವಾಗಿ, ಸುಲಭದ ಪ್ರಶ್ನೆಗೆ ಮುಗ್ಗರಿಸುತ್ತ ಉತ್ತರಿಸುತ್ತಾರೆ. ಅಷ್ಟು ಸಾಕು ಸಿಕ್ಕಿಬೀಳುವುದಕ್ಕೆ. ಅನುಮಾನ ಬಂದ ಪರೀಕ್ಷಕರು ನಡುವೆಯೇ ತಡೆದು ಇನ್ನೊಂದು ಪ್ರಶ್ನೆ ಹಾಕುತ್ತಾರೆ, ಕಟ್ಟಿಟ್ಟ ಮಾತಿನ ಗಂಟು ಬಿಚ್ಚಿಹೋಗುತ್ತದೆ. ಬಾಯಿಪಾಠದಂತೆ ಕೇಳಿಸುವ ವಾಕ್ಯಗಳನ್ನೇ ನೆಚ್ಚಿಕೊಳ್ಳುವುದನ್ನು ಆ ವಿವರಣೆಗಳು ಗುರುತಿಸಿರುವುದು ತೀರಾ ಕೆಳಗಿನ ಬ್ಯಾಂಡುಗಳ ಲಕ್ಷಣವಾಗಿ.

ಹೊರಗೆ ಬಂದ ಮಕ್ಕಳ ದೊಡ್ಡ ದೂರು ಒಂದೇ: ‘ಎಗ್ಸಾಮಿನರ್ ನಗಲೇ ಇಲ್ಲ, ಮುಖ ಗಂಟು ಹಾಕ್ಕೊಂಡು ಕೂತಿದ್ರು.’ ಇದಕ್ಕೆ ಅವರ ಸ್ವಭಾವ ಕಾರಣವಲ್ಲ. ಕಾರಣ ಇರುವುದು ಮಾತಿನ ಪರೀಕ್ಷೆಗಳ ಒಂದು ಹಳೆಯ ತಲೆನೋವಿನಲ್ಲಿ: ಎಲ್ಲರನ್ನೂ ಒಂದೇ ಅಳತೆಯಲ್ಲಿ ತೂಗುವುದು ಹೇಗೆ? ಕೇಂಬ್ರಿಜ್ ವಿಶ್ವವಿದ್ಯಾಲಯ ವಿದೇಶಿಯರಿಗಾಗಿ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ಶುರು ಮಾಡಿದ್ದು 1913ರಲ್ಲಿ. ಬರೆದವರು ಮೂರೇ ಜನ, ಸುಮಾರು 12 ಗಂಟೆಗಳ ಪರೀಕ್ಷೆ, ಮೂವರೂ ಫೇಲು. ಅದರಲ್ಲಿ ಗಟ್ಟಿಯಾಗಿ ಓದುವುದು, ಸಂಭಾಷಣೆ ಮಾಡುವುದು ಆಗಲೇ ಇತ್ತು. ಆದರೆ ಇಬ್ಬರು ಪರೀಕ್ಷಕರು ಒಂದೇ ಮಾತಿಗೆ ಒಂದೇ ಅಂಕ ಕೊಡುತ್ತಾರೆಯೇ ಎಂಬ ಪ್ರಶ್ನೆ ಮಾತ್ರ ಬಗೆಹರಿಯಲಿಲ್ಲ. ಅದೇ ಸಂಸ್ಥೆಯ ಜ್ಯಾಕ್ ರೋಚ್ 1945ರಲ್ಲಿ ಮೌಖಿಕ ಪರೀಕ್ಷೆಗಳ ತೊಡಕುಗಳ ಬಗ್ಗೆಯೇ ಒಂದು ವರದಿ ಬರೆದರು. ಅಮೆರಿಕದಲ್ಲಿ 1950ರ ದಶಕದಲ್ಲಿ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಮಾತಿಗೆ ಸೊನ್ನೆಯಿಂದ ಐದರವರೆಗಿನ ಅಳತೆಪಟ್ಟಿಯೊಂದನ್ನು ಕಟ್ಟಿತು. ಅದು ಅಮೆರಿಕದ ರಾಯಭಾರಿ ಸಿಬ್ಬಂದಿಗೆ ಪರಭಾಷೆ ಎಷ್ಟು ಬರುತ್ತದೆ ಎಂದು ನೋಡುವುದಕ್ಕೆ ಮಾಡಿದ್ದು ಎಂಬುದನ್ನು ನೆನೆದರೆ ನಮ್ಮವರಿಗೆ ಸ್ವಲ್ಪ ಸಮಾಧಾನವಾಗಬಹುದು. ಸೊನ್ನೆ ಪಡೆಯುವ ಭಯ ಮೊದಲು ಇಂಗ್ಲಿಷಿನವರಿಗೇ ಇತ್ತು.

ಐಇಎಲ್‌ಟಿಎಸ್ 1989ರಲ್ಲಿ ಬಂದಾಗ ಅದರ ಸಂದರ್ಶನದಲ್ಲಿ ಪರೀಕ್ಷಕರಿಗೆ ಸಾಕಷ್ಟು ಸಡಿಲಿಕೆ ಇತ್ತು. ಅದರಿಂದ ಏನಾಗುತ್ತಿತ್ತು ಎಂಬುದನ್ನು ಆ್ಯನಿ ಬ್ರೌನ್ ಎಂಬ ಸಂಶೋಧಕಿ 2003ರಲ್ಲಿ ಪ್ರಕಟವಾದ ಲೇಖನದಲ್ಲಿ ತೋರಿಸಿಕೊಟ್ಟರು. ಒಬ್ಬಳೇ ಅಭ್ಯರ್ಥಿಯನ್ನು ಇಬ್ಬರು ಬೇರೆ ಬೇರೆ ಪರೀಕ್ಷಕರು ಮಾತಾಡಿಸಿದ್ದರು. ಒಬ್ಬರು ಅವಳ ಮಾತಿಗೆ ಮಾತು ಹೆಣೆಯುತ್ತ, ಬಿಡಿಸಿ ಹೇಳು ಎಂದು ಹುರಿದುಂಬಿಸುತ್ತ ಹೋದರು. ಇನ್ನೊಬ್ಬರು ಅಂಥ ಆಸರೆ ಕೊಡಲಿಲ್ಲ. ಮೊದಲನೆಯ ಸಂಭಾಷಣೆಯಲ್ಲಿ ಅದೇ ಹುಡುಗಿ ಜಾಣೆಯಾಗಿ ಕಂಡಳು, ಎರಡನೆಯದರಲ್ಲಿ ಮಂಕಾಗಿ ಕಂಡಳು, ಅಂಕಗಳೂ ಬೇರೆಯಾದವು. ಇಂಥ ಏರುಪೇರು ತಪ್ಪಿಸಲೆಂದೇ 2001ರಿಂದ ಪರೀಕ್ಷಕರ ಕೈಗೆ ಬರೆದ ಮಾತುಗಳ ಚೌಕಟ್ಟು ಬಂದಿದೆ. ಮೊದಲ ಭಾಗದಲ್ಲಿ ಅವರು ಆ ಚೌಕಟ್ಟು ಬಿಟ್ಟು ಆಚೆ ಹೋಗುವ ಹಾಗಿಲ್ಲ. ಕೇಳಿಸಲಿಲ್ಲ ಎಂದರೆ ಪ್ರಶ್ನೆಯನ್ನು ಇನ್ನೊಮ್ಮೆ ಓದಬಹುದು, ಅಷ್ಟೇ. ‘ಓಹ್, ಹೌದಾ, ನಮ್ಮತ್ತೆ ಮನೆಯೂ ಅಲ್ಲೇ’ ಎನ್ನುವ ಅವಕಾಶ ಅವರಿಗಿಲ್ಲ. ಅವರ ಮುಖ ನೋಡಿ ನಿಮ್ಮ ಬ್ಯಾಂಡ್ ಊಹಿಸಲು ಹೋಗಬೇಡಿ. ಮಾತಿನ ನಡುವೆ ತಡೆದು ಮುಂದಿನ ಪ್ರಶ್ನೆಗೆ ಹೋದರೂ ಗಾಬರಿ ಬೇಡ, ಅವರ ಕಣ್ಣು ಗಡಿಯಾರದ ಮೇಲೆ ಇರುತ್ತದೆ.

ಮೊದಲ ಭಾಗದಲ್ಲಿ ನಮ್ಮವರು ಕಳೆದುಕೊಳ್ಳುವುದು ಜಿಪುಣತನದಿಂದ. ಅಡುಗೆ ಮಾಡುವುದು ಇಷ್ಟವೇ? ‘ಯೆಸ್, ಐ ಲೈಕ್.’ ಮುಗಿಯಿತು. ತರಗತಿಯಲ್ಲಿ ಮೇಷ್ಟ್ರು ಕೇಳಿದ್ದಕ್ಕೆ ಎದ್ದು ನಿಂತು ಒಂದು ಪದ ಹೇಳಿ ಕೂತ ವರ್ಷಗಳ ಅಭ್ಯಾಸ ಅದು. ಹೆಚ್ಚು ಮಾತಾಡಿದರೆ ಅಧಿಕಪ್ರಸಂಗ ಎಂದು ಬೈಸಿಕೊಂಡ ನೆನಪೂ ಸೇರಿಕೊಂಡಿರುತ್ತದೆ. ಎರಡು ಮೂರು ವಾಕ್ಯ ಸಾಕು, ಆದರೆ ಒಂದರಿಂದ ಇನ್ನೊಂದು ಹುಟ್ಟಬೇಕು: ದಿನಾ ಮಾಡುವುದಿಲ್ಲ, ಭಾನುವಾರ ಮಾತ್ರ, ಯಾಕೆಂದರೆ ವಾರವಿಡೀ ಪಿಜಿಯ ಸಾರು ಉಂಡು ನಾಲಿಗೆ ಜಡ್ಡುಗಟ್ಟಿರುತ್ತದೆ, ಹೋದ ವಾರ ಬಿಸಿಬೇಳೆಬಾತ್ ಮಾಡಲು ಹೋಗಿ ತಳ ಹಿಡಿಸಿದೆ. ಇಷ್ಟರಲ್ಲಿ ವರ್ತಮಾನವೂ ಬಂತು, ಭೂತವೂ ಬಂತು, ಕಾರಣವೂ ಬಂತು. ಯಾವ ದೊಡ್ಡ ಪದವೂ ಬೇಕಾಗಲಿಲ್ಲ.

ಜೀವ ಬಾಯಿಗೆ ಬರುವುದು ಕಾರ್ಡು ಕೈಗೆ ಬಂದಾಗ. ಕೋಚಿಂಗ್‌ನವರ ಬಾಯಲ್ಲಿ ಇದು ‘ಕ್ಯೂ ಕಾರ್ಡ್’. ಅದರಲ್ಲಿ ಒಂದು ವಿಷಯ, ಕೆಳಗೆ ಮೂರು ನಾಲ್ಕು ಸಣ್ಣ ಸುಳಿವು: ಎಲ್ಲಿ, ಯಾವಾಗ, ಯಾರ ಜೊತೆ, ಯಾಕೆ ಇಷ್ಟ. ನಾಲ್ಕು ತಿಂಗಳಿಗೊಮ್ಮೆ ಕಾರ್ಡುಗಳು ಬದಲಾಗುತ್ತವೆ ಎಂಬುದು ಕೋಚಿಂಗ್ ಜಗತ್ತಿನ ಗಟ್ಟಿ ನಂಬಿಕೆ. ಆದ್ದರಿಂದ ಜನವರಿ, ಮೇ, ಸೆಪ್ಟೆಂಬರ್ ಬಂತೆಂದರೆ ‘ಈ ಸಲದ ಕಾರ್ಡುಗಳು’ ಎಂಬ ಪಟ್ಟಿಗಳು ಟೆಲಿಗ್ರಾಂನಲ್ಲಿ ಹರಿದಾಡುತ್ತವೆ. ಪಟ್ಟಿ ನೋಡುವುದು ತಪ್ಪಲ್ಲ, ಯಾವ ಥರದ ವಿಷಯ ಬರುತ್ತದೆಂದು ಅಂದಾಜು ಸಿಗುತ್ತದೆ. ಪ್ರತಿಯೊಂದಕ್ಕೂ ಎರಡು ನಿಮಿಷದ ಪ್ರಬಂಧ ಉರು ಹೊಡೆಯಲು ಹೊರಟಾಗ ಕೆಡುತ್ತದೆ.

ನೀರಿನ ಪಕ್ಕದ, ನಿಮಗೆ ಇಷ್ಟವಾದ ಒಂದು ಜಾಗವನ್ನು ವರ್ಣಿಸಿ ಎಂದು ಕಾರ್ಡಿನಲ್ಲಿ ಇದೆ ಎಂದುಕೊಳ್ಳೋಣ. ಹಾಸನದ ಅಭ್ಯರ್ಥಿಯೊಬ್ಬ ಮಾಲ್ಡೀವ್ಸ್ ಬಗ್ಗೆ ಶುರು ಮಾಡುತ್ತಾನೆ. ನೀಲಿ ಸಮುದ್ರ, ಬಿಳಿ ಮರಳು, ಉಸಿರು ಬಿಗಿಹಿಡಿಸುವ ಸೂರ್ಯಾಸ್ತ. ಅವನು ಅಲ್ಲಿಗೆ ಹೋಗಿಲ್ಲ, ಹಾಗಾಗಿ ನಲವತ್ತು ಸೆಕೆಂಡಿಗೆ ಸರಕು ಮುಗಿಯುತ್ತದೆ. ಆಮೇಲೆ ಅದೇ ಸೂರ್ಯಾಸ್ತ ಇನ್ನೊಮ್ಮೆ. ಅವನ ಮನೆಯಿಂದ ಗೊರೂರಿನ ಹೇಮಾವತಿ ಜಲಾಶಯ ಸ್ಕೂಟರಿನಲ್ಲಿ ಹೋಗುವಷ್ಟು ಹತ್ತಿರ. ಮಳೆಗಾಲದಲ್ಲಿ ಕ್ರೆಸ್ಟ್ ಗೇಟು ತೆರೆದಿದ್ದಾರೆಂದು ಸುದ್ದಿ ಬಂದ ದಿನ ಅಪ್ಪ ಕರೆದುಕೊಂಡು ಹೋಗಿದ್ದು, ನೀರಿನ ಮೊರೆತಕ್ಕೆ ಪಕ್ಕದವರ ಮಾತೂ ಕೇಳಿಸದೆ ಇದ್ದದ್ದು, ತುಂತುರಿಗೆ ಅಂಗಿ ಒದ್ದೆಯಾದದ್ದು, ರಸ್ತೆ ಬದಿ ಬೋಂಡ ತಿಂದದ್ದು ಇವೆಲ್ಲ ಅವನಿಗೆ ನಿದ್ದೆಯಲ್ಲೂ ಹೇಳಬರುತ್ತದೆ. ಆದರೆ ಪರೀಕ್ಷೆಗೆ ಇದು ಸಾಲದು, ಇದು ‘ಸ್ಟ್ಯಾಂಡರ್ಡ್’ ಅಲ್ಲ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಇಂಗ್ಲಿಷ್ ಮಾತಾಡುವುದೆಂದರೆ ತನ್ನದಲ್ಲದ ಬದುಕಿನ ಬಗ್ಗೆ ಮಾತಾಡುವುದು ಎಂಬ ಈ ಭ್ರಮೆ ನಮ್ಮ ಮಕ್ಕಳಿಂದ ಕಸಿದುಕೊಳ್ಳುವ ಅಂಕ ವ್ಯಾಕರಣ ದೋಷಗಳು ಕಸಿಯುವುದಕ್ಕಿಂತ ಹೆಚ್ಚು ಎಂಬುದು ನನ್ನ ಎಣಿಕೆ.

ಆ ಒಂದು ನಿಮಿಷದಲ್ಲಿ ವಾಕ್ಯ ಬರೆಯಲು ಹೋಗಬೇಡಿ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ, ಆಮೇಲೆ ಬರೆದದ್ದನ್ನು ಓದಬೇಕೆನ್ನಿಸಿ ಧ್ವನಿ ಸತ್ತುಹೋಗುತ್ತದೆ. ಅಪ್ಪ, ಸ್ಕೂಟರ್, ಗೇಟು, ಸದ್ದು, ಬೋಂಡ, ಈಗ ಹೋಗಲಾಗುತ್ತಿಲ್ಲ, ಹೀಗೆ ಆರೇಳು ಗುರುತು ಸಾಕು. ಆ ಹಾಳೆಗೆ ಅಂಕವಿಲ್ಲ, ಕನ್ನಡದಲ್ಲೇ ಬರೆದುಕೊಂಡರೂ ಯಾರೂ ಕೇಳುವುದಿಲ್ಲ. ‘ಈಗ ಹೋಗಲಾಗುತ್ತಿಲ್ಲ’ ಎಂಬಂಥ ಕೊನೆಯ ಗುರುತೊಂದು ಇರುವುದು ಒಳ್ಳೆಯದು. ಅಂದಿನ ಕಥೆ ತೀರಿದ ಮೇಲೆ ಇಂದಿಗೆ ಬರಲು, ಮುಂದೆ ಹೋಗುವ ಆಸೆ ಹೇಳಲು ಅದು ದಾರಿ ಮಾಡುತ್ತದೆ, ಮೂರು ಕಾಲಗಳೂ ತಾವಾಗಿ ಬರುತ್ತವೆ. ಸುಳಿವುಗಳನ್ನು ಅದೇ ಕ್ರಮದಲ್ಲಿ ಒಂದೊಂದಾಗಿ ಮುಗಿಸಬೇಕೆಂದೂ ಇಲ್ಲ. ಎರಡು ನಿಮಿಷಕ್ಕೆ ಪರೀಕ್ಷಕರು ಕೈಯೆತ್ತಿ ನಿಲ್ಲಿಸಿದರೆ ಅದನ್ನು ಸಂತೋಷದಿಂದ ಒಪ್ಪಿಕೊಳ್ಳಿ, ನಿಮಗೆ ಇನ್ನೂ ಮಾತು ಬಾಕಿಯಿತ್ತು ಎಂದೇ ಅದರರ್ಥ.

ಕರಾವಳಿ, ಮಲೆನಾಡಿನ ಓದುಗರಿಗೆ ತಾಳಮದ್ದಳೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಅದರ ಮೇಲೆ ಕೂತಲ್ಲೇ ಮಾತು ಕಟ್ಟುತ್ತಾನೆ. ಅವನು ತಯಾರಿ ಇಲ್ಲದೆ ಬಂದಿರುವುದಿಲ್ಲ. ಪ್ರಸಂಗ ಗೊತ್ತು, ಪಾತ್ರದ ನಿಲುವು ಗೊತ್ತು, ಪುರಾಣದ ಸಂದರ್ಭಗಳು ಬಾಯಲ್ಲಿವೆ. ಆದರೆ ಎದುರಿನ ಕೃಷ್ಣ ಯಾವ ಪ್ರಶ್ನೆ ಎಸೆಯುತ್ತಾನೆ ಎಂಬುದು ಕೌರವನಿಗೆ ಆ ಗಳಿಗೆಯವರೆಗೂ ತಿಳಿಯದು, ಆದ್ದರಿಂದ ವಾಕ್ಯಗಳನ್ನು ಮನೆಯಿಂದ ಕಟ್ಟಿಕೊಂಡು ಬಂದು ಪ್ರಯೋಜನವಿಲ್ಲ. ಮಾತಿನ ಪರೀಕ್ಷೆಗೆ ಮಾಡಬೇಕಾದ ತಯಾರಿ ಈ ಬಗೆಯದು. ನಿಮ್ಮ ಬದುಕಿನ ಹತ್ತು ಹನ್ನೆರಡು ಪ್ರಸಂಗಗಳನ್ನು ಚೆನ್ನಾಗಿ ನೆನಪಿಸಿಕೊಂಡಿಡಿ: ಒಂದು ಪ್ರಯಾಣ, ಒಬ್ಬ ಹಿರಿಯರು, ಕೈಕೊಟ್ಟ ಒಂದು ಯಂತ್ರ, ಕಲಿತ ಒಂದು ಕೆಲಸ, ಒಂದು ಜಗಳ, ಒಂದು ಹಬ್ಬ. ಯಾವ ಕಾರ್ಡು ಬಂದರೂ ಇವುಗಳಲ್ಲಿ ಒಂದು ಹೊಂದುತ್ತದೆ. ಮೊದಲು ಕನ್ನಡದಲ್ಲಿ ಹೇಳಿ ನೋಡಿ. ಕನ್ನಡದಲ್ಲೇ ಎರಡು ನಿಮಿಷ ಎಳೆಯಲಾಗದ ಸಂಗತಿ ಇಂಗ್ಲಿಷಿನಲ್ಲಿ ಎಲ್ಲಿಂದ ಬರಬೇಕು? ‘ಇಂಗ್ಲಿಷಿನಲ್ಲೇ ಯೋಚಿಸಿ’ ಎಂಬ ಉಪದೇಶ ಕೇಳಲು ಚೆನ್ನ, ಆದರೆ ಯೋಚನೆಯೇ ಇಲ್ಲದವರಿಗೆ ಯಾವ ಭಾಷೆಯಾದರೇನು.

ಮೂರನೇ ಭಾಗ ಇದೇ ಎಳೆಯನ್ನು ಹಿಡಿದು ಮೇಲಕ್ಕೆ ಹೋಗುತ್ತದೆ. ಜಲಾಶಯದ ಕಥೆ ಹೇಳಿದವನಿಗೆ ನಗರಗಳು ನೀರನ್ನು ಹೇಗೆ ಹಂಚಿಕೊಳ್ಳಬೇಕು ಎಂಬ ಪ್ರಶ್ನೆ ಬರಬಹುದು. ಇಲ್ಲಿ ಪರೀಕ್ಷಕರಿಗೆ ಸ್ವಲ್ಪ ಸ್ವಾತಂತ್ರ್ಯ ಇರುತ್ತದೆ, ಪ್ರಶ್ನೆ ತಿಳಿಯದಿದ್ದರೆ ಬೇರೆ ಮಾತಿನಲ್ಲಿ ಕೇಳುತ್ತಾರೆ, ನೀವು ಹೇಳಿದ್ದನ್ನು ಕೆದಕುತ್ತಾರೆ. ‘ಇದರ ಬಗ್ಗೆ ನಾನು ಯೋಚಿಸಿಲ್ಲ, ಆದರೂ ಹೇಳಬೇಕೆಂದರೆ’ ಎಂದು ಶುರು ಮಾಡುವುದು ಪೂರ್ತಿ ಗೌರವದ ದಾರಿ. ತಮ್ಮ ಅಭಿಪ್ರಾಯಕ್ಕೆ ತಾವೇ ಒಂದು ತಕರಾರು ಎತ್ತುವವರು, ಹಳ್ಳಿಯಲ್ಲಿ ಹಾಗೆ, ಪೇಟೆಯಲ್ಲಿ ಹೀಗೆ ಎಂದು ಬಿಡಿಸುವವರು ಇಲ್ಲಿ ಗೆಲ್ಲುತ್ತಾರೆ. ಹಾಗೆ ಬಿಡಿಸಲು ಹೊರಟಾಗ ‘ಆದರೆ’, ‘ಒಂದು ವೇಳೆ’, ‘ಹಾಗಿದ್ದರೂ’ ಬೇಕಾಗುತ್ತವೆ, ಅವು ಬಂದರೆ ಸಂಕೀರ್ಣ ವಾಕ್ಯಗಳು ತಾವಾಗಿಯೇ ಬಂದಂತೆ.

ವ್ಯಾಕರಣದಲ್ಲಿ ಏಳನೇ ಬ್ಯಾಂಡಿಗೆ ತಪ್ಪೇ ಇಲ್ಲದ ಮಾತು ಬೇಕಿಲ್ಲ. ತಪ್ಪಿಲ್ಲದ ವಾಕ್ಯಗಳು ಪದೇ ಪದೇ ಬರಬೇಕು, ಕೆಲವು ದೋಷ ಉಳಿದರೂ ನಡೆಯುತ್ತದೆ. ಕನ್ನಡಿಗರ ಕೆಲವು ದೋಷಗಳು ಮಾತ್ರ ಎಷ್ಟು ಸ್ಥಿರವೆಂದರೆ ಅವನ್ನು ಹೆಸರಿಟ್ಟು ಕರೆಯಬಹುದು. ಹೋದ ವರ್ಷ ಮೈಸೂರಿಗೆ ಹೋಗಿದ್ದೆ ಎಂಬುದನ್ನು ನಾವು ‘ಐ ಹ್ಯಾಡ್ ಗಾನ್’ ಎನ್ನುತ್ತೇವೆ. ನಮ್ಮ ‘ಹೋಗಿದ್ದೆ’ ಬರೀ ಹಿಂದೊಮ್ಮೆ ನಡೆದದ್ದನ್ನು ಹೇಳುತ್ತದೆ, ಇಂಗ್ಲಿಷಿನ ‘ಹ್ಯಾಡ್’ ಇನ್ನೊಂದು ಘಟನೆಗೂ ಮುಂಚೆ ನಡೆದದ್ದಕ್ಕೆ ಮೀಸಲು. ‘ಐ ವೆಂಟ್’ ಎಂದರೆ ಮುಗಿಯಿತು, ಆದರೆ ಅದು ತೀರಾ ಸಪ್ಪೆ ಎನಿಸಿ ‘ಹ್ಯಾಡ್’ ಸೇರಿಸುವವರೇ ಹೆಚ್ಚು. ‘ಐ ಆ್ಯಮ್ ಹ್ಯಾವಿಂಗ್ ಟು ಬ್ರದರ್ಸ್’ ಇನ್ನೊಂದು. ‘ದ’ ಮತ್ತು ‘ಎ’ ಬಿಟ್ಟುಹೋಗುವುದು ಮೂರನೆಯದು, ಕನ್ನಡದಲ್ಲಿ ಆ ಗೋಜೇ ಇಲ್ಲವಾದ್ದರಿಂದ ಕಿವಿಗೆ ಅದರ ಕೊರತೆ ತಿಳಿಯುವುದಿಲ್ಲ. ನಿಮ್ಮ ಎರಡು ನಿಮಿಷದ ಮಾತನ್ನು ಫೋನಿನಲ್ಲಿ ಮುದ್ರಿಸಿ, ಅಕ್ಷರಕ್ಕಕ್ಷರ ಬರೆದಿಳಿಸಿ. ಬೇಸರದ ಕೆಲಸ, ಆದರೆ ಹಾಳೆಯ ಮೇಲೆ ಕಂಡಾಗ ನಿಮ್ಮ ತಪ್ಪು ನಿಮಗೇ ಗೊತ್ತಾಗುತ್ತದೆ. ಅದರಲ್ಲಿ ಮತ್ತೆ ಮತ್ತೆ ಬರುವ ಒಂದನ್ನು ಮಾತ್ರ ಹಿಡಿದು ಒಂದು ವಾರ ತಿದ್ದಿ.

ಉಚ್ಚಾರಣೆಯ ಹೆಸರಿನಲ್ಲಿ ನಡೆಯುವ ನಾಟಕ ನೋಡಿದರೆ ನಗು ಬರುತ್ತದೆ. ‘ವಾಟರ್’ ಅನ್ನು ‘ವಾಡರ್’ ಮಾಡಿ, ಮೂಗಿನಲ್ಲಿ ಅಮೆರಿಕ ತಂದು, ಎರಡು ವಾಕ್ಯದ ನಂತರ ಗಾಂಧಿಬಜಾರಿಗೆ ವಾಪಸ್ ಬರುವವರು ಬಹಳ. ಮಾತೃಭಾಷೆಯ ಛಾಯೆ ಇರಬಾರದು ಎಂದು ಎಲ್ಲೂ ಬರೆದಿಲ್ಲ. ಎಂಟನೇ ಬ್ಯಾಂಡಿನಲ್ಲೂ ಆ ಛಾಯೆ ಇರುತ್ತದೆ, ಅದರಿಂದ ಅರ್ಥವಾಗುವುದಕ್ಕೆ ತೊಡಕಾಗಬಾರದು ಅಷ್ಟೇ. ಹಾಗಾಗಿ ತೊಡಕು ಎಲ್ಲಿ ಆಗುತ್ತದೆ ಎಂದು ನೋಡುವುದು ಜಾಣತನ. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವ ಕಾರಣ ನಾವು ಇಂಗ್ಲಿಷ್ ಪದಕ್ಕೂ ಬಾಲ ಅಂಟಿಸುತ್ತೇವೆ: ಬಸ್ಸು, ರೋಡು, ಬ್ಯಾಂಕು. ಪದದ ತುದಿಯಲ್ಲೇ ಬಹುವಚನವೂ ಭೂತಕಾಲವೂ ಕೂತಿರುವ ಭಾಷೆಯಲ್ಲಿ ಈ ಬಾಲ ವ್ಯಾಕರಣವನ್ನೇ ಮುಚ್ಚಿಹಾಕುತ್ತದೆ. ‘ಎಗ್’ ನಮ್ಮ ಬಾಯಲ್ಲಿ ‘ಯೆಗ್’ ಆಗುತ್ತದೆ, ‘ಓನ್ಲಿ’ ‘ವೋನ್ಲಿ’ ಆಗುತ್ತದೆ. ಇವಕ್ಕಿಂತ ದೊಡ್ಡದು ಒತ್ತಿನ ಸಮಸ್ಯೆ. ನಾವು ಪದದ ಮೊದಲಿಗೇ ಬಲ ಹಾಕುವವರು. ‘ಹೋಟ್ಲು’ ಎಂದು ಮೊದಲಕ್ಷರ ಎತ್ತಿ ಹೇಳಿ ಅಭ್ಯಾಸ, ಇಂಗ್ಲಿಷಿನವರು ಅದೇ ಪದದಲ್ಲಿ ಎರಡನೇ ಭಾಗವನ್ನು ಎತ್ತುತ್ತಾರೆ. ‘ಫೋಟೋಗ್ರಾಫ್’ನಲ್ಲಿ ಮೊದಲಿಗೆ ಇರುವ ಒತ್ತು ‘ಫೊಟಾಗ್ರಫರ್’ ಆದ ಕೂಡಲೇ ಎರಡನೆಯದಕ್ಕೆ ಜಾರುತ್ತದೆ. ಕೇಳುವವರು ಪದವನ್ನು ಗುರುತಿಸುವುದು ಬಹುಮಟ್ಟಿಗೆ ಈ ಒತ್ತಿನಿಂದ. ಅದು ತಪ್ಪಿದರೆ ಪ್ರತಿ ಅಕ್ಷರ ಸರಿಯಿದ್ದರೂ ಅವರಿಗೆ ಒಂದು ಗಳಿಗೆ ಪದ ಹೊಳೆಯುವುದಿಲ್ಲ. ಇನ್ನು ವೇಗ. ಸರಾಗ ಮಾತು ಎಂದರೆ ಜೋರಾಗಿ ಓಡಿಸುವುದು ಎಂದು ತಿಳಿದು ಉಸಿರುಗಟ್ಟಿ ಮಾತಾಡುವವರಿಗೆ ಓಟದಲ್ಲೂ ಅಂಕ ಬರುವುದಿಲ್ಲ, ಉಚ್ಚಾರಣೆಯಲ್ಲೂ ಬರುವುದಿಲ್ಲ.

ನಿಜವಾದ ಓಟ ಬೆಳೆಸಲು ನ್ಯೂಜಿಲೆಂಡಿನ ಭಾಷಾಬೋಧನಾ ತಜ್ಞ ಪಾಲ್ ನೇಷನ್ ಅವರ ಬರಹಗಳಿಂದ ಪ್ರಚಾರಕ್ಕೆ ಬಂದ ಒಂದು ಅಭ್ಯಾಸ ಇದೆ. ಒಂದೇ ಸಂಗತಿಯನ್ನು ಒಬ್ಬರಿಗೆ ನಾಲ್ಕು ನಿಮಿಷ ಹೇಳಬೇಕು, ಇನ್ನೊಬ್ಬರಿಗೆ ಮೂರು, ಮತ್ತೊಬ್ಬರಿಗೆ ಎರಡು. ಕೇಳುವವರು ಬೇರೆಯಾಗಿರುವುದರಿಂದ ಹೇಳುವವರಿಗೆ ಬೇಸರ ಬರದು. ಏನು ಹೇಳಬೇಕೆಂಬ ಚಿಂತೆ ಮೊದಲ ಸುತ್ತಿನಲ್ಲೇ ತೀರಿರುವುದರಿಂದ ಉಳಿದ ಸುತ್ತುಗಳಲ್ಲಿ ಮನಸ್ಸು ಪೂರ್ತಿ ಭಾಷೆಯ ಮೇಲೆ ಇರುತ್ತದೆ. ಹಾಸ್ಟೆಲಿನಲ್ಲಿ ಮೂವರು ರೂಮ್‌ಮೇಟ್‌ಗಳು ಒಪ್ಪಿದರೆ ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇದೂ ಒಂದು ಥರ ಕಂಠಪಾಠವಲ್ಲವೇ ಎಂದು ಕೇಳಬಹುದು. ಅಲ್ಲ, ಪ್ರತಿ ಸಲವೂ ವಾಕ್ಯಗಳು ಹೊಸದಾಗಿ ಹುಟ್ಟುತ್ತವೆ, ಗಟ್ಟಿಯಾಗುವುದು ಸಂಗತಿ ಮಾತ್ರ.

ನರ್ಸುಗಳಿಗೆ ಇನ್ನೊಂದು ದಾರಿ ಇದೆ, ಒಇಟಿ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದ ಟಿಮ್ ಮೆಕ್‌ನಮಾರಾ ರೂಪಿಸಿದ ಪರೀಕ್ಷೆ ಅದು, ವೈದ್ಯಕೀಯ ವೃತ್ತಿಯವರಿಗೆಂದೇ ಮಾಡಿದ್ದು. ಅಲ್ಲಿ ಊರು, ಹವ್ಯಾಸದ ಮಾತಿಗೆ ಅಂಕವಿಲ್ಲ. ಎರಡು ರೋಲ್‌ಪ್ಲೇಗಳು: ಕಾರ್ಡು ಓದಲು ಮೂರು ನಿಮಿಷ, ಮಾತಾಡಲು ಸುಮಾರು ಐದು ನಿಮಿಷ. ನೀವು ನರ್ಸ್, ಎದುರಿನವರು ರೋಗಿಯೋ ರೋಗಿಯ ಮಗಳೋ ಆಗಿ ನಟಿಸುತ್ತಾರೆ. ನಟಿಸುವವರು ಅಂಕ ಕೊಡುವುದಿಲ್ಲ, ಧ್ವನಿಮುದ್ರಣ ಬೇರೆಯವರ ಕೈಗೆ ಹೋಗುತ್ತದೆ. ಬ್ರಿಟನ್ನಿನ ಕೌನ್ಸಿಲ್ ಮಾತಿನಲ್ಲಿ ಬಿ ದರ್ಜೆ ಕೇಳುತ್ತದೆ, ಅಂದರೆ 500ಕ್ಕೆ ಕನಿಷ್ಠ 350. ವೈದ್ಯಕೀಯ ಜ್ಞಾನಕ್ಕೆ ಇಲ್ಲೂ ಅಂಕವಿಲ್ಲ.

ಇಲ್ಲಿ ನಮ್ಮ ಸಿಸ್ಟರ್‌ಗಳು ಸೋಲುವುದು ಇಂಗ್ಲಿಷಿಗಿಂತ ಹೆಚ್ಚಾಗಿ ನಮ್ಮ ವಾರ್ಡುಗಳ ಅಭ್ಯಾಸದಿಂದ. ಶಸ್ತ್ರಚಿಕಿತ್ಸೆಯಾದ ಮರುದಿನವೇ ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದ ರೋಗಿ ಕಾರ್ಡಿನಲ್ಲಿ ಇದ್ದಾರೆ ಎಂದುಕೊಳ್ಳಿ. ನಮ್ಮ ಕಡೆ ಇದಕ್ಕೆ ಉತ್ತರ ಸಿದ್ಧ: ‘ಡಾಕ್ಟ್ರು ಹೇಳಿದ್ದಾರೆ, ಇರ್ಬೇಕು ಅಷ್ಟೇ. ಏನೂ ಆಗಲ್ಲ, ಸುಮ್ನೆ ಮಲ್ಕೊಳ್ಳಿ ಅಜ್ಜಾ.’ ಪ್ರೀತಿಯಿಂದಲೇ ಹೇಳಿದ ಮಾತು. ಆದರೆ 2018ರಿಂದ ಒಇಟಿ ರೋಗಿಯೊಂದಿಗಿನ ಸಂವಹನಕ್ಕೂ ಅಂಕ ಕೊಡುತ್ತಿದೆ: ಸಂಬಂಧ ಕಟ್ಟಿದಿರಾ, ರೋಗಿಯ ಮನಸ್ಸಿನಲ್ಲಿ ಏನಿದೆ ಎಂದು ತಿಳಿದುಕೊಂಡಿರಾ, ವಿಷಯವನ್ನು ತುಂಡು ತುಂಡಾಗಿ ಹೇಳಿ ಅರ್ಥವಾಯಿತೇ ಎಂದು ಕೇಳಿದಿರಾ. ಯಾಕೆ ಹೋಗಬೇಕು ಎನ್ನಿಸುತ್ತಿದೆ ಎಂದು ಮೊದಲು ಕೇಳಬೇಕು. ಮನೆಯಲ್ಲಿ ಹೆಂಡತಿ ಒಬ್ಬಳೇ ಇದ್ದಾಳೆ ಎಂದು ಆಗ ಅವರು ಹೇಳುತ್ತಾರೆ, ಆ ಮಾಹಿತಿ ಎದುರಿನವರ ಕಾರ್ಡಿನಲ್ಲಿ ಇರುತ್ತದೆ, ನಿಮ್ಮದರಲ್ಲಿ ಇರುವುದಿಲ್ಲ. ಕೇಳದವರಿಗೆ ಅದು ಸಿಗುವುದೇ ಇಲ್ಲ. ಈ ಪರೀಕ್ಷೆಯ ತಯಾರಿ ವಾರ್ಡಿನಲ್ಲೇ, ಕನ್ನಡದಲ್ಲೇ ಶುರುವಾಗಬಹುದು ಎಂದು ನಾನು ಹೇಳುವುದು ಅದಕ್ಕೆ.

ಪಿಟಿಇ ಎಂಬ ಇನ್ನೊಂದು ಇಂಗ್ಲಿಷ್ ಪರೀಕ್ಷೆ ಬೇರೆಯೇ ಪ್ರಾಣಿ. 2009ರಲ್ಲಿ ಬಂದ ಈ ಪರೀಕ್ಷೆಯಲ್ಲಿ ಎದುರಿಗೆ ಮನುಷ್ಯರಿಲ್ಲ, ನಿಮ್ಮ ಮಾತು ಹೋಗುವುದು ಹೆಡ್‌ಸೆಟ್ಟಿಗೆ, ಅಕ್ಕಪಕ್ಕದವರೂ ಅದೇ ಹೊತ್ತಿಗೆ ತಮ್ಮ ತಮ್ಮ ಕಂಪ್ಯೂಟರಿಗೆ ಮಾತಾಡುತ್ತಿರುತ್ತಾರೆ. ಗಟ್ಟಿಯಾಗಿ ಓದು, ಕೇಳಿದ ವಾಕ್ಯವನ್ನು ಹಾಗೇ ಹೇಳು, ಚಿತ್ರ ವಿವರಿಸು ಎಂಬಂಥ ಕೆಲಸಗಳು.  ಮೂರು ಸೆಕೆಂಡು ಸುಮ್ಮನಿದ್ದರೆ ಮೈಕ್ ಮುಚ್ಚಿಕೊಳ್ಳುತ್ತದೆ. ಇಲ್ಲಿ ಯೋಚನೆಯ ಮೌನಕ್ಕೆ ಮರ್ಯಾದೆಯಿಲ್ಲ, ತಪ್ಪಿದರೆ ತಿದ್ದಿಕೊಳ್ಳಲು ನಿಲ್ಲದೆ ಮುಂದೆ ಸಾಗುವವರಿಗೆ ಅನುಕೂಲ. ಮುಖ ನೋಡಿದರೆ ನಾಲಿಗೆ ಕಟ್ಟುವ ನಾಚಿಕೆಯವರು ಇದನ್ನು ಇಷ್ಟಪಡುತ್ತಾರೆ. ಎದುರಿಗೊಬ್ಬರು ಇದ್ದರೆ ಮಾತ್ರ ಮಾತು ಬರುವವರು ಐಇಎಲ್‌ಟಿಎಸ್ ಕಡೆಗೇ ಹೋಗುವುದು ಒಳ್ಳೆಯದು. ನೀವು ಹೋಗಬೇಕೆಂದಿರುವ ಸಂಸ್ಥೆ ಯಾವುದನ್ನು ಒಪ್ಪುತ್ತದೆ ಎಂಬುದನ್ನು ಮಾತ್ರ ಹಣ ಕಟ್ಟುವ ಮುಂಚೆ ನೋಡಿಕೊಳ್ಳಿ.

ಮತ್ತೆ ಐಇಎಲ್‌ಟಿಎಸ್‌ಗೆ ಬಂದರೆ, ಪರೀಕ್ಷೆಯ ದಿನದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಪಾಸ್‌ಪೋರ್ಟ್ ಮರೆಯಬಾರದು. ಮಾತಿನ ಪರೀಕ್ಷೆ ಉಳಿದ ಮೂರರ (ಕೇಳುವುದು, ಓದುವುದು, ಬರೆಯುವುದು) ದಿನವೇ ಇರಬೇಕೆಂದಿಲ್ಲ, ಒಂದು ವಾರ ಹಿಂದೆ ಮುಂದೆ ಆಗಬಹುದು. ಆ ದಿನ ಬೆಳಿಗ್ಗೆ ಮನೆಯವರೊಂದಿಗೋ ಗೆಳೆಯರೊಂದಿಗೋ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಹರಟೆ ಹೊಡೆದು ಹೋದರೆ ಗಂಟಲೂ ಮನಸ್ಸೂ ಸಡಿಲವಾಗಿರುತ್ತವೆ. ಕೋಣೆಯ ಹೊರಗೆ ಕೂತು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುವ ಗುಂಪಿನಿಂದ ಸ್ವಲ್ಪ ದೂರ ಕೂರಿ.

ಫಲಿತಾಂಶದಲ್ಲಿ ಮಾತಿಗೆ ಆರೂವರೆ ಬಂದು ಏಳು ಬೇಕಿತ್ತು ಎಂದಾದರೆ ಎರಡು ದಾರಿ. ಆರು ವಾರದೊಳಗೆ ಮರುಮೌಲ್ಯಮಾಪನ ಕೇಳಬಹುದು. ಹಿರಿಯ ಪರೀಕ್ಷಕರು ಧ್ವನಿಮುದ್ರಣವನ್ನು ಮತ್ತೆ ಕೇಳುತ್ತಾರೆ, ಬ್ಯಾಂಡ್ ಏರಿದರೆ ಕಟ್ಟಿದ ಹಣ ವಾಪಸ್ಸು. ಉಳಿದ ಮೂರರಲ್ಲಿ ಬೇಕಾದಷ್ಟು ಬಂದು ಇದೊಂದರಲ್ಲೇ ಎಡವಿದವರು, ಕಂಪ್ಯೂಟರಿನಲ್ಲಿ ಪರೀಕ್ಷೆ ಬರೆದಿದ್ದರೆ, 60 ದಿನದೊಳಗೆ ಮಾತಿನದೊಂದನ್ನೇ ಮತ್ತೆ ಕೊಡಬಹುದು. ಎಲ್ಲ ಸಂಸ್ಥೆಗಳೂ ಇದನ್ನು ಒಪ್ಪುವುದಿಲ್ಲ, ವಿಚಾರಿಸಿಕೊಂಡೇ ಮುಂದುವರಿಯಬೇಕು. ಅಂಕಪಟ್ಟಿಗೆ ಆಯುಷ್ಯ ಎರಡೇ ವರ್ಷ. ಪಿಯುಸಿ ಮುಗಿದ ಕೂಡಲೇ ‘ಒಂದು ಸಲ ಬರೆದಿಟ್ಟುಬಿಡೋಣ’ ಎಂದು ಮಗನನ್ನು ಕಳಿಸುವ ಅಪ್ಪಂದಿರು, ಎಂ.ಎಸ್.ಗೆ ಅರ್ಜಿ ಹಾಕುವ ಹೊತ್ತಿಗೆ ಆ ಹಣವನ್ನು ಇನ್ನೊಮ್ಮೆ ಕಟ್ಟಬೇಕಾಗುತ್ತದೆ.